ನುಡಿಯ ಕಾಯಕ

ಸುಳ್ಳಾಡುವುದು ಪಾಪವೆಂಬುದನ್ನು ಎಳೆಯ ಮಕ್ಕಳೂ ಬಲ್ಲರು. ನಿಜವನ್ನಾಡುವುದು ಧರ್ಮವೆಂಬುದನ್ನು ಒಪ್ಪದವರೂ ಇಲ್ಲ. ಆದರೆ ಈ ಎರಡರ ನಡುವೆ ಮೂರನೆಯ ಬಗೆಯ ಮಾತೊಂದುಂಟು. ಅದನ್ನು ಆಡುವವನಿಗೆ ಮೋಸಮಾಡುವ ಬುದ್ಧಿಯಿಲ್ಲ. ಮಾತು ನಿಜವೆಂದೇ ಅವನ ನಂಬಿಕೆ. ಆದರೆ ಅದು ನಿಜವೇ ಎಂಬುದನ್ನು ಅವನು ಶೋಧಿಸಿ ನೋಡಿಲ್ಲ. ಇಂತಹ ಮಾತನ್ನು ನಿಶ್ಚಯವೆಂಬಂತೆ ನುಡಿಯುವುದು ದೋಷವೇ? ನುಡಿದದ್ದು ಕಡೆಗೆ ನಿಜವೇ ಆಗಿಬಿಟ್ಟರೆ ಆ ದೋಷ ಪರಿಹಾರವಾಗುವುದೇ? ನಡೆ-ನುಡಿಗಳ ಏಕತೆಯನ್ನು ಧರ್ಮದ ತಿರುಳೆಂದು ಸಾರಿದ ಶರಣರ ಮಾರ್ಗದಲ್ಲಿ ನಡೆಯುವವರು ಈ ಪ್ರಶ್ನೆಯನ್ನು ಕಡೆಗಣಿಸುವಂತಿಲ್ಲ.

ಇದನ್ನು ವಿಚಾರಿಸುವುದಕ್ಕೆ ಗಣಿತಶಾಸ್ತ್ರದ ಚರಿತ್ರೆಯಲ್ಲಿ ಉತ್ತಮವಾದ ನಿದರ್ಶನವೊಂದು ದೊರೆಯುವುದು. ಹಣದ ಆಸೆಯಿಂದಾಗಲಿ ಮಾನದ ಭಯದಿಂದಾಗಲಿ ಲೆಕ್ಕವು ಬದಲಾಗುವುದಿಲ್ಲ. ಆದಕಾರಣ ಮಾತಿನ ಗುಣದೋಷಗಳು ಅಲ್ಲಿ ಕನ್ನಡಿಯಲ್ಲಿ ಕಂಡಂತೆ ನಿಚ್ಚಳವಾಗಿ ಕಾಣುವುವು.

ಹನ್ನೆರಡು ರುದ್ರಾಕ್ಷಿಮಣಿಗಳನ್ನು ನೆಲದ ಮೇಲೆ ಸಾಲಾಗಿ ಇಡುವುದಾದರೆ, ಆರು ಮಣಿಗಳ ಎರಡು ಸಾಲು ಮಾಡಬಹುದು. ನಾಲ್ಕು ಮಣಿಗಳ ಮೂರು ಸಾಲನ್ನೂ ಮಾಡಬಹುದು. ಮಣಿಗಳು ಹದಿಮೂರಾದರೆ ಹೀಗೆ ಸಮವಾಗಿ ಹಂಚಲು ಬಾರದು. ಒಂದೇ ಸಾಲಿನಲ್ಲಿ ಇಡಬೇಕು, ಇಲ್ಲವೆ ಒಂದೊಂದನ್ನೂ ಬೇರೆಬೇರೆಯಾಗಿ ಇಡಬೇಕು. ಹದಿಮೂರರಂತೆ ಒಂದರಿಂದಲೂ ತನ್ನಿಂದಲೂ ಹೊರತು ಮತ್ತಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆ ಎನ್ನುವರು. ಇಂತಹ ಸಂಖ್ಯೆಗಳಿಗೆ ಕೊನೆಯೆಂಬುದಿಲ್ಲವೆಂದು ಕ್ರಿಸ್ತಪೂರ್ವ ೩೦೦ರ ಸುಮಾರಿನಲ್ಲಿ ಗ್ರೀಕ್ ಪಂಡಿತನಾದ ಯೂಕ್ಲಿಡನು ಸಾಧಿಸಿ ತೋರಿಸಿದನು.

ಅವಿಭಾಜ್ಯವೆಂಬ ಮಾತನ್ನು ಕೇಳಿದೊಡನೆ ಅದನ್ನು ಅಖಂಡವಾದ ಪರಶಿವತತ್ತ್ವಕ್ಕೆ ಹೋಲಿಸಲು ಕೆಲವರಿಗೆ ಮನಸ್ಸಾಗಬಹುದು. ಆ ಹೋಲಿಕೆ ಸಲ್ಲದು. ಅವಿಭಾಜ್ಯ ಸಂಖ್ಯೆಗಳು ಅಸಂಖ್ಯವಾಗಿರುವುವು, ಪರಶಿವನು ಒಬ್ಬನೇ. ಅವು ಎಣಿಕೆಗೆ ಒಳಗಾದುವು. ಆತನು ಎಣಿಕೆಗೆ ನಿಲುಕನು. ಇಲ್ಲಿ ವಿಚಾರಕ್ಕೆ ಬರುವುದು ಸಂಖ್ಯೆಯ ಮಹಿಮೆಯಲ್ಲ, ಆ ಸಂಖ್ಯೆಯನ್ನು ಕುರಿತು ಮನುಷ್ಯರು ಆಡಿದ ಮಾತಿನ ಯೋಗ್ಯತೆ.

ದೊಡ್ಡ ಅವಿಭಾಜ್ಯಗಳನ್ನು ಹುಡುಕಲು ಹಿಂದಿನವರು ಹಿಡಿದ ಒಂದು ಹಾದಿ ಇಂತಿದೆ. ಎರಡು ಎಂಬ ಅಂಕಿಯನ್ನು ಹಲವು ಸಲ ಬರೆದು, ಎಲ್ಲವನ್ನೂ ಪರಸ್ಪರ ಗುಣಿಸಿ, ಬಂದ ಗುಣಲಬ್ಧದಲ್ಲಿ ಒಂದನ್ನು ಕಳೆಯುವುದು. ಎರಡು ಸಲ ಬರೆದರೆ ೩, ಮೂರು ಸಲ ಬರೆದರೆ ೭, ಐದು ಸಲ ಬರೆದರೆ ೩೧, ಏಳು ಸಲ ಬರೆದರೆ ೧೨೭ ದೊರೆಯುವುವು. ಇವು ನಾಲ್ಕೂ ಅವಿಭಾಜ್ಯಗಳು. ಬರೆಯುವ ಸಲ ಅವಿಭಾಜ್ಯವಾಗಿದ್ದರೆ ಫಲವೂ ಅವಿಭಾಜ್ಯವೇ ಆಗುವುದೆಂದು ಇದರಿಂದ ತೋರಬಹುದು. ಆದರೆ ಹನ್ನೊಂದು ಸಲ ಬರೆದರೆ ದೊರೆಯುವ ೨೦೪೭ ಎಂಬ ಸಂಖ್ಯೆಯು ೨೩ನ್ನು ೮೯ರಿಂದ ಗುಣಿಸಿದುದಕ್ಕೆ ಸಮನಾಗಿರುವುದು. ನಾಲ್ಕು ಸಲ ನಿಜವಾದದ್ದು ಐದನೆಯ ಸಲ ಕೈಬಿಟ್ಟಿತು. ಆದುದರಿಂದ ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸದೆ ಗತ್ಯಂತರವಿಲ್ಲ.

ಹದಿನೇಳನೆಯ ಶತಮಾನದ ಫ್ರಾನ್ಸ್ ದೇಶದಲ್ಲಿ ಮಾರೆನ್ ಮರ್ಸೆನ್ ಎಂಬ ಕ್ರೈಸ್ತ ಯತಿಯೊಬ್ಬನಿದ್ದನು. ೧೫೮೮ರಲ್ಲಿ ಹುಟ್ಟಿ ೧೬೪೮ರಲ್ಲಿ ತೀರಿಕೊಂಡ ಈತನು ಮಿನಿಮ್ ಎಂಬ ಯತಿಸಂಘಕ್ಕೆ ಸೇರಿದವನು. ಆ ಹೆಸರಿಗೆ 'ಎಲ್ಲರಿಗಿಂತ ಕಿರಿಯರು' ಎಂದರ್ಥ. ಮಾಂಸವನ್ನು ವರ್ಜಿಸಿ ಕಠಿನವಾದ ವ್ರತನಿಯಮಗಳಿಂದ ಬಾಳುವ ಸಂಘವದು. ಮರ್ಸೆನ್ನನು ಪ್ಯಾರಿಸ್ ನಗರದ ತನ್ನ ಮಠದಲ್ಲಿದ್ದುಕೊಂಡೇ ಯೂರೋಪಿನ ಪಂಡಿತರೊಡನೆ ಪತ್ರವ್ಯವಹಾರ ನಡೆಸಿ, ಒಬ್ಬರ ವಿಚಾರವನ್ನು ಮತ್ತೊಬ್ಬರಿಗೆ ಮುಟ್ಟಿಸಿದನು. ದೆಕಾರ್ತ್, ಫರ್ಮಾ ಮೊದಲಾದವರು ಆತನ ಸ್ನೇಹಿತರು. ವಿದ್ಯೆಗೆ ಆತನಿಂದಾದ ಸೇವೆ ಅಲ್ಪವಾದುದಲ್ಲ.

೧೬೪೪ರಲ್ಲಿ ಪ್ರಕಟವಾದ ತನ್ನ ಗ್ರಂಥದ ಮುನ್ನುಡಿಯಲ್ಲಿ ಈ ಯತಿಯು ಒಂದು ಪಟ್ಟಿಯನ್ನು ಕೊಟ್ಟನು. ಎರಡನ್ನು ೨, ೩, ೫, ೭, ೧೩, ೧೭, ೧೯, ೩೧, ೬೭, ೧೨೭, ೨೫೭ ಸಲ ಬರೆದು ಗುಣಿಸಿ ಒಂದನ್ನು ಕಳೆದರೆ ಅವಿಭಾಜ್ಯಗಳು ದೊರೆಯುವುವೆಂದೂ, ೨೫೭ರವರೆಗೆ ಬೇರೆ ಯಾವುದರಿಂದಲೂ ದೊರೆಯವೆಂದೂ ಆತನ ಹೇಳಿಕೆ. ಹದಿನೈದು ಇಪ್ಪತ್ತು ಅಂಕಿಗಳುಳ್ಳ ಸಂಖ್ಯೆಯೊಂದು ಅವಿಭಾಜ್ಯವೇ ಎಂದು ಪರೀಕ್ಷಿಸಲು ಎಷ್ಟು ಕಾಲವೂ ಸಾಲದೆಂಬುದನ್ನು ಆತನೇ ಒಪ್ಪಿಕೊಂಡಿದ್ದನು. ಆದರೂ ಇಪ್ಪತ್ತೊಂದು ಅಂಕಿಗಳ ಸಂಖ್ಯೆಯನ್ನೂ ಅದಕ್ಕಿಂತ ಬಹಳ ದೊಡ್ಡವಾದ ಬೇರೆ ಸಂಖ್ಯೆಗಳನ್ನೂ ನಿಶ್ಚಯವೆಂಬಂತೆ ಪಟ್ಟಿಯಲ್ಲಿ ಸೇರಿಸಿದನು. ಬರೆದವನು ದೊಡ್ಡ ವಿದ್ವಾಂಸ, ಮೇಲಾಗಿ ಯತಿ. ಪರೀಕ್ಷಿಸುವ ಸಾಮರ್ಥ್ಯ ಯಾರಿಗೂ ಇರಲಿಲ್ಲ. ಆ ಹೇಳಿಕೆಯು ಬಹುಕಾಲ ಹಾಗೆಯೇ ನಿಂತಿತು.

ಮುಂದೆ ಪರೀಕ್ಷೆಯ ಕಾಲ ಬಂದಿತು. ೩೧ರಿಂದ ದೊರೆಯುವ ೨೧೪೭೪೮೩೬೪೭ ಎಂಬ ಸಂಖ್ಯೆಯು ಅವಿಭಾಜ್ಯವೆಂದು ೧೭೭೨ರಲ್ಲಿ ಆಯ್ಲರನು ತೋರಿಸಿದನು. ೧೮೭೬ರಲ್ಲಿ ಫ್ರಾನ್ಸಿನ ಎದ್ವಾರ್ ಲ್ಯೂಕಾ ಎಂಬವನು ೧೨೭ರಿಂದ ದೊರೆಯುವ ಮೂವತ್ತೊಂಬತ್ತು ಅಂಕಿಗಳ ಸಂಖ್ಯೆಯು ಅವಿಭಾಜ್ಯವೆಂದು ಸಾಧಿಸಿದನು. ಯತಿಯ ಮಾತು ಈ ಎರಡೆಡೆಗಳಲ್ಲಿ ನಿಜವಾಯಿತು. ಆದರೆ ಅದೇ ೧೮೭೬ರಲ್ಲಿ ಅದೇ ಲ್ಯೂಕಾನು ೬೭ರಿಂದ ದೊರೆಯುವ ಸಂಖ್ಯೆಯು ಅವಿಭಾಜ್ಯವಲ್ಲವೆಂಬುದನ್ನೂ ತೋರಿಸಿದನು. ಅನಂತರ ೬೧, ೮೯, ೧೦೭ ಇವು ಪಟ್ಟಿಯಲ್ಲಿ ಇರಬೇಕಾಗಿದ್ದು ಬಿಟ್ಟುಹೋಗಿವೆಯೆಂದೂ, ೨೫೭ ಇರಬಾರದಾಗಿದ್ದು ಸೇರಿದೆಯೆಂದೂ ತಿಳಿದುಬಂದಿತು. ಪಟ್ಟಿಯು ಪೂರ್ತಿಯಾಗಿ ಶುದ್ಧವಾದದ್ದು ೧೯೪೭ರಲ್ಲಿ. ಒಂದು ಮುನ್ನುಡಿಯ ಕೆಲವು ಸಾಲುಗಳನ್ನು ತಿದ್ದಲು ಮುನ್ನೂರಮೂರು ವರ್ಷಗಳು ಹಿಡಿದುವು.

ಲ್ಯೂಕಾನು ೬೭ರ ವಿಷಯದಲ್ಲಿ ತೋರಿಸಿದ್ದರಲ್ಲಿ ಒಂದು ವಿಚಿತ್ರವುಂಟು. ಆ ಸಂಖ್ಯೆಯು ಭಾಗವಾಗುವುದೆಂಬುದು ಅವನಿಗೆ ಖಂಡಿತವಾಗಿ ತಿಳಿಯಿತು. ಯಾವ ಸಂಖ್ಯೆಯಿಂದ ಭಾಗವಾಗುವುದೆಂಬುದು ತಿಳಿಯಲಿಲ್ಲ. ಇದು ಹೇಗೆ ಸಾಧ್ಯವೆಂಬುದಕ್ಕೆ ಚಿಕ್ಕದೊಂದು ಉದಾಹರಣೆಯನ್ನು ನೋಡಬಹುದು. ಲ್ಯೂಕಾನ ದಾರಿಯನ್ನೇ ಹಿಡಿದು ಮುಂದೆ ಲೆಹ್ಮರ್ ಎಂಬವನು ಸರಳಗೊಳಿಸಿದ ಕ್ರಮವಿದು. ನಾಲ್ಕರಿಂದ ಆರಂಭಿಸಿ, ವರ್ಗಮಾಡಿ ಎರಡನ್ನು ಕಳೆಯಬೇಕು. ಬಂದದ್ದನ್ನು ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಂಡು ಮತ್ತೆ ಹಾಗೆಯೇ ಮಾಡಬೇಕು. ಐದು ಎರಡುಗಳಿಂದ ದೊರೆತ ೩೧ನ್ನು ಪರೀಕ್ಷಿಸಲು ಹೀಗೆ ಮೂರು ಸಲ ಮಾಡಬೇಕು. ಎರಡುಗಳು ಎಷ್ಟೋ ಅದಕ್ಕಿಂತ ಎರಡು ಕಡಮೆ ಸಲವೆಂಬುದು ನಿಯಮ. ನಾಲ್ಕರ ವರ್ಗ ೧೬, ಎರಡು ಕಳೆದರೆ ೧೪. ಅದರ ವರ್ಗ ೧೯೬, ಎರಡು ಕಳೆದರೆ ೧೯೪; ೩೧ರಿಂದ ಭಾಗಿಸಿದರೆ ಶೇಷ ೮. ಅದರ ವರ್ಗ ೬೪, ಎರಡು ಕಳೆದರೆ ೬೨; ೩೧ರಿಂದ ಭಾಗಿಸಿದರೆ ಶೇಷ ಸೊನ್ನೆ. ಕಡೆಯಲ್ಲಿ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ಹೊಗೆಯನ್ನು ಕಂಡು ಬೆಂಕಿಯಿದೆಯೆನ್ನುವಂತೆ, ಶೇಷವನ್ನು ಕಂಡು ಭಾಜಕವೊಂದಿದೆಯೆನ್ನಬಹುದು. ಬೆಂಕಿ ಯಾವ ಮನೆಯದೆಂಬುದನ್ನು ಹೊಗೆಯು ತಿಳಿಸುವುದಿಲ್ಲ.

ಆ ಭಾಜಕವನ್ನು ಕಂಡುಹಿಡಿದವನು ಅಮೆರಿಕದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್. ೧೯೦೩ರ ಅಕ್ಟೋಬರ್ ೩೧ರಂದು ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತಸಂಘದ ಸಭೆ ಸೇರಿತ್ತು. ದೊಡ್ಡ ಸಂಖ್ಯೆಗಳನ್ನು ಒಡೆಯುವ ವಿಷಯದಲ್ಲಿ ಕೋಲನು ಪ್ರಬಂಧವನ್ನು ಮಂಡಿಸಬೇಕಾಗಿತ್ತು. ಆ ದಿನದ ಪ್ರಸಂಗವನ್ನು ಗಣಿತದ ಚರಿತ್ರೆಯನ್ನು ಬರೆದವರು ಹೀಗೆ ಹೇಳುವರು. ಅವನು ಎದ್ದು ಹೋಗಿ, ಮಾತಿಲ್ಲದೆ ಕಪ್ಪುಹಲಗೆಯ ಮೇಲೆ ಎರಡನ್ನು ಅರುವತ್ತೇಳು ಸಲ ಗುಣಿಸಿದ ಲೆಕ್ಕವನ್ನು ಬರೆದು ಒಂದನ್ನು ಕಳೆದನು. ೧೪೭೫೭೩೯೫೨೫೮೯೬೭೬೪೧೨೯೨೭ ಎಂದು ಬಂದಿತು. ಬಳಿಕ ಮತ್ತೊಂದು ಕಡೆಗೆ ಸರಿದು, ೧೯೩೭೦೭೭೨೧ ಎಂಬುದನ್ನು ೭೬೧೮೩೮೨೫೭೨೮೭ ಎಂಬುದರಿಂದ ಒಂದೊಂದೇ ಸಾಲಾಗಿ ಗುಣಿಸಿದನು. ಬಂದ ಮೊತ್ತವೂ ಅದೇ ಆಗಿತ್ತು. ಒಂದು ಮಾತನ್ನೂ ಆಡದೆ ಹಿಂದಿರುಗಿ ತನ್ನ ಸ್ಥಾನದಲ್ಲಿ ಕುಳಿತನು. ಸಭೆಯು ಕರತಾಡನ ಮಾಡಿತು. ಯಾರೂ ಪ್ರಶ್ನೆ ಕೇಳಲಿಲ್ಲ; ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಇದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಮುಂದೆ ಒಬ್ಬರು ವಿಚಾರಿಸಿದಾಗ, ಮೂರು ವರ್ಷಗಳ ಭಾನುವಾರಗಳೆಂದು ಉತ್ತರ ಕೊಟ್ಟನಂತೆ.

ಆ ಭಾನುವಾರಗಳಲ್ಲಿ ನಡೆದ ದುಡಿಮೆ ಎಂತಹುದೆಂಬುದನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಮರ್ಸೆನ್ನನ ಸಮಕಾಲೀನನಾದ ಫರ್ಮಾ ತೋರಿಸಿಕೊಟ್ಟಂತೆ, ಅರುವತ್ತೇಳು ಎರಡುಗಳಿಂದಾದ ಈ ಸಂಖ್ಯೆಗೆ ಅವಿಭಾಜ್ಯವಾದ ಭಾಜಕವಿದ್ದರೆ ಅದು ೧೩೪ರ ಯಾವುದೋ ಮಡಿಗಿಂತ ಒಂದು ಹೆಚ್ಚಾಗಿರಬೇಕು. ಕೋಲನಿಗೆ ದೊರೆತ ಚಿಕ್ಕ ಭಾಜಕವು ೧೩೪ರ ಹದಿನಾಲ್ಕು ಲಕ್ಷದ ನಲವತ್ತೈದು ಸಾವಿರದ ಐನೂರ ಎಂಬತ್ತು ಮಡಿಗೆ ಒಂದನ್ನು ಕೂಡಿಸಿದುದು. ಸಂಖ್ಯಾಶಾಸ್ತ್ರದ ಬೇರೆ ನಿಯಮಗಳಿಂದ ಹುಡುಕಾಟದ ಕ್ಷೇತ್ರವನ್ನು ಕಿರಿದುಮಾಡಿಕೊಂಡರೂ ಉಳಿದ ಕೆಲಸವು ಅಪಾರ. ಅದೆಲ್ಲವೂ ಯಂತ್ರದ ನೆರವಿಲ್ಲದೆ ನಡೆಯಿತು. ಫಲವನ್ನು ಮಾತ್ರ ಶಾಲೆಯ ಹುಡುಗನೂ ಗುಣಿಸಿ ತಾಳೆನೋಡಬಹುದು.

ಈಗ ಮೂವರ ಮಾತುಗಳನ್ನು ಒಂದೆಡೆ ಇಟ್ಟು ತೂಗಬೇಕು. ಶಾಸ್ತ್ರಕಾರರು ಹೇಳುವ ಪ್ರಮಾಣಗಳಲ್ಲಿ ಮುಖ್ಯವಾದುವು ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರು. ಕೋಲನದು ಪ್ರತ್ಯಕ್ಷಕ್ಕೆ ಸಮಾನವಾದುದು. ಎಲ್ಲರ ಕಣ್ಣೆದುರಿಗೇ ಇರಿಸಿದನು. ಲ್ಯೂಕಾನದು ಅನುಮಾನ, ಕುರುಹಿನಿಂದ ವಸ್ತುವಿನ ಇರವನ್ನು ನಿಶ್ಚಯಿಸಿದನು. ಮರ್ಸೆನ್ನನದು ಶಬ್ದ, ಅವನು ಹೇಳಿದನು, ಲೋಕವು ಕೇಳಿತು. ಶಬ್ದವೂ ಪ್ರಮಾಣವೇ ಅಹುದು; ಆದರೆ ಆಪ್ತನ ಶಬ್ದ ಮಾತ್ರ. ಇದ್ದುದನ್ನು ಇದ್ದಂತೆ ಅರಿತು, ಅರಿತುದನ್ನು ಅರಿತಂತೆ ನುಡಿಯುವವನೇ ಆಪ್ತನು. ಇದರಲ್ಲಿ ಎರಡು ಅಂಗಗಳುಂಟು. ಅರಿವು ಒಂದು, ಪ್ರಾಮಾಣಿಕತೆ ಮತ್ತೊಂದು. ಮರ್ಸೆನ್ನನಲ್ಲಿ ಎರಡನೆಯದಕ್ಕೆ ಕೊರತೆಯಿದ್ದಿತೆನ್ನಲು ಯಾವ ಆಧಾರವೂ ಇಲ್ಲ. ಕೊರತೆಯಾದದ್ದು ಮೊದಲನೆಯದಕ್ಕೆ. ಸಾಧುತ್ವವು ಅರಿವಿನ ಸ್ಥಾನವನ್ನು ತುಂಬಲಾರದು.

ಇನ್ನು ೧೨೭ರ ವಿಷಯ. ಅಲ್ಲಿ ಯತಿಯ ಮಾತು ನಿಜವಾಯಿತಷ್ಟೆ. ಅದಕ್ಕಾಗಿ ಅವನನ್ನು ಕೊಂಡಾಡಬೇಕೇ? ಸೂಕ್ಷ್ಮವಾಗಿ ವಿಚಾರಿಸಿದರೆ ಸಲ್ಲದೆಂದು ತೋರುವುದು. ೬೭ನ್ನು ಬರೆದ ಲೇಖನಿಯೇ ೧೨೭ನ್ನೂ ಬರೆದದ್ದು. ಎರಡರ ಹಿಂದೆಯೂ ಪರೀಕ್ಷೆಯಿರಲಿಲ್ಲ. ಒಂದು ನಿಜವಾಗಿ ಒಂದು ಹುಸಿಯಾದದ್ದು ಸಂಖ್ಯೆಗಳ ಸ್ವಭಾವದಿಂದ, ನುಡಿದವನ ಸತ್ಯಶೀಲತೆಯಿಂದಲ್ಲ. ನುಡಿ ನಿಜವಾಗುವುದು ಬೇರೆ, ನುಡಿದವನು ನಿಜವಂತನಾಗುವುದು ಬೇರೆ.

ಈ ಭೇದವನ್ನು ಶರಣರ ಕಾಯಕತತ್ತ್ವವು ಬಹು ಚೆನ್ನಾಗಿ ಬೆಳಗುವುದು. ಆಯ್ದಕ್ಕಿ ಮಾರಯ್ಯನವರ ಪ್ರಸಂಗವು ಸದ್ಭಕ್ತರೆಲ್ಲರಿಗೂ ತಿಳಿದಿರುವುದೇ ಆಗಿದೆ. ಕಲ್ಯಾಣದಲ್ಲಿ ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ, ಅದರಿಂದಲೇ ಜಂಗಮದಾಸೋಹ. ಒಂದು ದಿನ ಅವರು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಪತ್ನಿಯಾದ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳದೆ, ಹೆಚ್ಚಿನದನ್ನು ಎಲ್ಲಿಂದ ತಂದರೋ ಅಲ್ಲಿಗೇ ಹಿಂದಿರುಗಿಸಬೇಕೆಂದು ಹೇಳಿದರು. ಆ ಅಕ್ಕಿಯು ಕದ್ದುದಲ್ಲ, ಉಣ್ಣಲು ಯೋಗ್ಯವಾದುದೇ. ಅದರಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಅದು ಆ ದಿನದ ಕಾಯಕಕ್ಕೆ ಸಂದುದಕ್ಕಿಂತ ಹೆಚ್ಚಾಗಿತ್ತೆಂಬುದರಲ್ಲಿ.

ಪರೀಕ್ಷಿಸದೆ ನಿಶ್ಚಯವಾಗಿ ನುಡಿದ ನುಡಿಯೂ ಅಂತಹುದೇ. ಅದು ನಿಜವಾಗಿರಬಹುದು, ಕೇಳಿದವರಿಗೆ ಹಿತವನ್ನೂ ಮಾಡಬಹುದು. ಆದರೆ ನುಡಿದವನ ದುಡಿಮೆಗೆ ಸಂದುದಲ್ಲ. ತನ್ನ ಶೋಧನೆಯಿಂದ ಎಷ್ಟು ದೊರೆಯಿತೋ ಅಷ್ಟನ್ನು ಮಾತ್ರ ತನ್ನದೆಂದು ನುಡಿಯುವುದು ನುಡಿಯ ಕಾಯಕ. ಕೋಲನು ಮೂರು ವರ್ಷಗಳ ಭಾನುವಾರಗಳಲ್ಲಿ ದುಡಿದು ಎರಡು ಸಂಖ್ಯೆಗಳನ್ನು ತಂದನು. ಅವನ್ನೇ ಸಭೆಯ ಮುಂದಿಟ್ಟನು, ಮೇಲೊಂದು ಕಾಳನ್ನೂ ಇಡಲಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಏಳುವುವು. ಮೊದಲನೆಯದು ಇದು: ಮರ್ಸೆನ್ನನು ಪಟ್ಟಿಯನ್ನು ಕೊಡದಿದ್ದರೆ ಲ್ಯೂಕಾನಾಗಲಿ ಕೋಲನಾಗಲಿ ಏನನ್ನು ಶೋಧಿಸುತ್ತಿದ್ದರು? ಊಹೆಯಿಲ್ಲದೆ ವಿದ್ಯೆ ಬೆಳೆಯುವುದೇ? ಈ ಆಕ್ಷೇಪದಲ್ಲಿ ಹುರುಳಿದೆ. ಆ ಯತಿಯ ಹೆಸರನ್ನು ಈ ಬಗೆಯ ಸಂಖ್ಯೆಗಳಿಗೆ ಇಟ್ಟು ಲೋಕವು ಆತನ ಋಣವನ್ನು ತೀರಿಸಿರುವುದು. ಆದರೆ ಊಹೆಯನ್ನು ಊಹೆಯೆಂದೇ ಹೇಳಿದ್ದರೆ ಶೋಧಕರಿಗೆ ಅಷ್ಟೇ ಪ್ರೇರಣೆ ದೊರೆಯುತ್ತಿತ್ತು, ಲೋಕಕ್ಕೆ ಭ್ರಮೆಯುಂಟಾಗುತ್ತಿರಲಿಲ್ಲ. ಬಿತ್ತಲೆಂದು ಕೊಡುವ ಬೀಜವನ್ನು ಬೇಯಿಸಿದ ಅನ್ನವೆಂದು ಬಡಿಸಬಾರದು.

ಎರಡನೆಯ ಆಕ್ಷೇಪವು ಭಕ್ತರ ಹೃದಯಕ್ಕೆ ಸಮೀಪವಾದುದು. ಎಲ್ಲವನ್ನೂ ಪರೀಕ್ಷಿಸಿಯೇ ಒಪ್ಪಬೇಕಾದರೆ ಗುರುವಾಕ್ಯದ ಗತಿಯೇನು? ಶ್ರದ್ಧೆಯು ಸಡಿಲವಾಗುವುದಿಲ್ಲವೇ? ಇದಕ್ಕೆ ಷಟ್‌ಸ್ಥಲಶಾಸ್ತ್ರವೇ ಉತ್ತರವನ್ನು ಕೊಡುವುದು. ಭಕ್ತಸ್ಥಲದಲ್ಲಿ ಶ್ರದ್ಧಾಭಕ್ತಿ, ಮಹೇಶಸ್ಥಲದಲ್ಲಿ ನಿಷ್ಠಾಭಕ್ತಿ, ಪ್ರಸಾದಿಸ್ಥಲದಲ್ಲಿ ಅವಧಾನಭಕ್ತಿ, ಪ್ರಾಣಲಿಂಗಿಸ್ಥಲದಲ್ಲಿ ಅನುಭಾವಭಕ್ತಿ. ಅನಂತರ ಆನಂದ, ಸಮರಸ. ಶ್ರದ್ಧೆಯಿಲ್ಲದೆ ಹೊಸ್ತಿಲನ್ನು ದಾಟುವಂತಿಲ್ಲ. ಆದರೆ ಶ್ರದ್ಧೆಯು ಹೊಸ್ತಿಲೇ ಹೊರತು ಮನೆಯಲ್ಲ. ಅವಧಾನವನ್ನೂ ಅನುಭಾವವನ್ನೂ ಶಿಷ್ಯನು ತಾನೇ ಸಂಪಾದಿಸಬೇಕು. ದೀಕ್ಷೆಯಲ್ಲಿ ಗುರುವು ಇಷ್ಟಲಿಂಗವನ್ನು ಶಿಷ್ಯನ ಕರಸ್ಥಲಕ್ಕೆ ಕರುಣಿಸುವನು. ಅಂಗೈಯಲ್ಲಿರಿಸಿ ದಿನದಿನವೂ ಪೂಜಿಸಿ ನೋಡಬೇಕಾದವನು ಶಿಷ್ಯನು. ಒಬ್ಬನ ಪೂಜೆಯನ್ನು ಮತ್ತೊಬ್ಬನು ಮಾಡಲು ಬಾರದು. ಗುರುವಾಕ್ಯವು ಶಿಷ್ಯನನ್ನು ಅರಿವಿನ ಕಡೆಗೆ ನಡೆಸುವುದು. ಅರಿಯಬೇಡವೆಂದು ಅದು ಎಂದೂ ತಡೆಯದು. ಶೂನ್ಯಸಂಪಾದನೆಯಲ್ಲಿ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯವರನ್ನು ಅಲ್ಲಮಪ್ರಭುಗಳು ತುಂಬಿದ ಸಭೆಯಲ್ಲಿ ಕಠಿನವಾದ ಪ್ರಶ್ನೆಗಳಿಂದ ಪರೀಕ್ಷಿಸುವರು. ಆ ಪರೀಕ್ಷೆಯಿಂದ ಅಕ್ಕನವರ ಮಹಿಮೆ ಕುಂದಲಿಲ್ಲ, ಬೆಳಗಿತು. ಪರೀಕ್ಷೆಗೆ ಅಂಜುವುದು ದುರ್ಬಲವಾದ ನುಡಿ ಮಾತ್ರ.

ಗೃಹಸ್ಥನಾದವನು ಎಲ್ಲವನ್ನೂ ತಾನೇ ಶೋಧಿಸಲಾರನೆಂಬುದು ದಿಟ. ವೈದ್ಯನ ಮಾತನ್ನು ನಂಬಿ ಔಷಧವನ್ನು ಸೇವಿಸುವನು. ಹಿರಿಯರ ಮಾತನ್ನು ಕೇಳಿ ಹೊಲದ ಎಲ್ಲೆಯನ್ನು ತಿಳಿಯುವನು. ಇದರಲ್ಲಿ ದೋಷವಿಲ್ಲ. ಅವನಿಂದ ಸಾಧ್ಯವಾದದ್ದೂ ಅವಶ್ಯಕವಾದದ್ದೂ ಒಂದುಂಟು. ತಾನು ಆಡುವ ಮಾತು ಮೂರರಲ್ಲಿ ಯಾವುದೆಂಬುದನ್ನು ಮರೆಯದಿರುವುದು. ಕಂಡುದನ್ನು ಕಂಡೆನೆಂದೂ, ಕುರುಹಿನಿಂದ ತಿಳಿದುದನ್ನು ಹಾಗೆ ತೋರುವುದೆಂದೂ, ಕೇಳಿದುದನ್ನು ಕೇಳಿದೆನೆಂದೂ ಹೇಳುವುದು. ಕನ್ಯೆಯನ್ನು ನೋಡಲು ಬಂದವರು ನೆರೆಮನೆಯವರನ್ನು ವಿಚಾರಿಸುವರು. ಎಲ್ಲಿಯೋ ಕೇಳಿದ ಒಂದು ಮಾತನ್ನು ನೆರೆಯವರು ಕಣ್ಣಾರೆ ಕಂಡವರಂತೆ ನುಡಿದರೆ ಬಂದವರು ಹಿಂದಿರುಗುವರು. ಆ ಮನೆಯ ಮಗಳ ಬಾಳಿನ ಮೇಲೆ ಆ ನುಡಿಯ ನೆರಳು ಬಹುಕಾಲ ನಿಲ್ಲುವುದು. ನುಡಿದವರು ಮರುದಿನವೇ ಅದನ್ನು ಮರೆತಿರುವರು. ಇಂದು ಮೊಬೈಲಿನಲ್ಲಿ ಬಂದ ಸುದ್ದಿಯನ್ನು ಓದಿ ಮುಗಿಸುವ ಮೊದಲೇ ನೂರು ಜನಕ್ಕೆ ಕಳುಹಿಸುವ ರೂಢಿಯಾಗಿದೆ. ಕಳುಹಿಸಿದವನು ತಾನು ಏನನ್ನೂ ನುಡಿಯಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುವನು. ಆದರೆ ಅವನ ಹೆಸರನ್ನು ನೋಡಿಯೇ ಕೇಳುವವರು ನಂಬುವರು. ಆಡಿದವರ ಮಾತಿಗೆ ಬೆಲೆ ಹೆಚ್ಚಿದಷ್ಟೂ ಅವರು ಆಡಿದ ತಪ್ಪಿನ ಆಯುಷ್ಯವೂ ಹೆಚ್ಚುವುದು. ಹಿರಿಯರೆನಿಸಿದವರೂ ಪೀಠದ ಬಳಿ ಕುಳಿತುಕೊಳ್ಳುವವರೂ ಇದನ್ನು ಇತರರಿಗಿಂತ ಹೆಚ್ಚಾಗಿ ಮನಗಾಣಬೇಕು.

ಗಣಿತಜ್ಞರು ಈ ಪಾಠವನ್ನು ಕಲಿತಿರುವರು. ಮರ್ಸೆನ್ನನ ಹೆಸರಿನ ಅವಿಭಾಜ್ಯಗಳನ್ನು ಹುಡುಕಲು ಅನೇಕ ದೇಶಗಳ ಜನರು ತಮ್ಮ ಗಣಕಯಂತ್ರಗಳನ್ನು ಒದಗಿಸಿ ಕೂಡಿ ದುಡಿಯುವ ಏರ್ಪಾಡೊಂದು ೧೯೯೬ರಿಂದ ನಡೆದು ಬಂದಿದೆ. ೨೦೨೪ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಎಂಬ ಅಮೆರಿಕದ ಸಂಶೋಧಕನಿಗೆ ಇದರಲ್ಲಿ ಒಂದು ಸಂಖ್ಯೆ ದೊರೆಯಿತು. ಎರಡನ್ನು ೧೩೬೨೭೯೮೪೧ ಸಲ ಬರೆದು ಗುಣಿಸಿ ಒಂದನ್ನು ಕಳೆದುದೇ ಆ ಸಂಖ್ಯೆ. ಅದರಲ್ಲಿ ನಾಲ್ಕು ಕೋಟಿ ಹತ್ತು ಲಕ್ಷದ ಇಪ್ಪತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತು ಅಂಕಿಗಳಿವೆ. ಅಂದಿನವರೆಗೆ ಮನುಷ್ಯರು ಅರಿತಿದ್ದ ಅವಿಭಾಜ್ಯಗಳೆಲ್ಲಕ್ಕಿಂತ ಅದು ದೊಡ್ಡದು. ಯಂತ್ರವು ಅದನ್ನು ತೋರಿಸಿದೊಡನೆ ಅವರು ಲೋಕಕ್ಕೆ ಸಾರಲಿಲ್ಲ. ಬೇರೆ ಯಂತ್ರಗಳಲ್ಲಿ, ಬೇರೆ ಕ್ರಮವಿಧಿಗಳಿಂದ ಮತ್ತೆ ಮತ್ತೆ ಲೆಕ್ಕಮಾಡಿಸಿ, ಎಲ್ಲವೂ ಒಂದೇ ಉತ್ತರವನ್ನು ಕೊಟ್ಟ ಮೇಲೆ ಪ್ರಕಟಿಸಿದರು. ಯಾರ ಮನೆಯನ್ನೂ ಮುರಿಯದ, ಯಾರ ಮಾನವನ್ನೂ ಕಳೆಯದ ಒಂದು ಸಂಖ್ಯೆಯನ್ನು ಕುರಿತು ನುಡಿಯುವುದಕ್ಕೆ ಇಷ್ಟು ಎಚ್ಚರ.

ಮನುಷ್ಯರನ್ನು ಕುರಿತು ನುಡಿಯುವವರಿಗೆ ಎಷ್ಟು ಎಚ್ಚರವಿರಬೇಕೆಂಬುದನ್ನು ಸದ್ಭಕ್ತರು ತಾವೇ ಅಳೆದುಕೊಳ್ಳಬೇಕು. ಸಂಜೆ ಮನೆಗೆ ಬಂದು ಲಿಂಗಪೂಜೆಗೆ ಕುಳಿತಾಗ, ಹಗಲೆಲ್ಲ ಆಡಿದ ಮಾತುಗಳನ್ನು ಒಮ್ಮೆ ನೆನೆದು, ಅವುಗಳಲ್ಲಿ ತನ್ನ ಕಾಯಕಕ್ಕೆ ಸಂದುವು ಎಷ್ಟು, ಹೆಚ್ಚಾಗಿ ತಂದುವು ಎಷ್ಟು ಎಂದು ಎಣಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. ಹೆಚ್ಚಾಗಿ ತಂದುದನ್ನು ಮರುದಿನ ಹೋಗಿ, ಯಾರಲ್ಲಿ ನುಡಿದಿತ್ತೋ ಅವರಿಗೇ ತಿಳಿಸಿ ಹಿಂದಿರುಗಿಸಿ ಬರಬೇಕು. ಲಕ್ಕಮ್ಮನವರು ಮನೆಯ ಬಾಗಿಲಲ್ಲಿ ನಿಂತು ಕಲಿಸಿದ ಪಾಠವು ಅಕ್ಕಿಗೆ ಹೇಗೋ ನುಡಿಗೂ ಹಾಗೆಯೇ ಸಲ್ಲುವುದು.